ಮೃತರ ಮುಂದೆ ವೈರೋಪಶಮನ

ಬದುಕಿರುವವನ ಮತವನ್ನು ಖಂಡಿಸುವುದು ವಾದಧರ್ಮ. ಸತ್ತವನ ಬಂಧುಗಳ ಮುಂದೆ ಹಗೆಯನ್ನು ಮೆರೆಯಿಸುವುದು ಅಧರ್ಮ. ಈ ವಿವೇಕವು ಕನ್ನಡ ಕಾವ್ಯಕ್ಕೆ ಹೊಸತಲ್ಲ. ಮುಂದೆ ಕಲ್ಯಾಣವನ್ನು ರಾಜಧಾನಿಯಾಗಿ ಮಾಡಿಕೊಂಡ ಚಾಲುಕ್ಯರ ಆಶ್ರಿತನಾಗಿದ್ದ ರನ್ನನು ಗದಾಯುದ್ಧದಲ್ಲಿ ದುರ್ಯೋಧನನನ್ನು ಅಭಿಮನ್ಯುವಿನ ಕಳೇಬರದ ಬಳಿಗೆ ತರುತ್ತಾನೆ. ಶತ್ರುಪುತ್ರನನ್ನು ಕಂಡ ಕೌರವನು ಹೀಗಳೆಯುವುದಿಲ್ಲ. ಅವನ ಪರಾಕ್ರಮವನ್ನು ಕೊಂಡಾಡಿ, ಅಂತಹ ಮರಣವನ್ನೇ ತನಗೂ ಬಯಸುತ್ತಾನೆ.

ಈ ಮರ್ಯಾದೆಯ ಉಲ್ಲಂಘನೆಯೂ ಕಲ್ಯಾಣದಲ್ಲಿಯೇ ನಡೆಯಿತು. ಹರಳಯ್ಯ ಮಧುವರಸರನ್ನು ಬಿಜ್ಜಳನು ಎಳೆಹೂಟೆಗೆ ಗುರಿಮಾಡಿದನೆಂದೂ, ಮರಣವನ್ನು ಪುರದ ನೋಟವಾಗಿಸಿದ ಆ ಕ್ರೌರ್ಯದಿಂದಲೇ ಕಲ್ಯಾಣವು ಕದಡಿತೆಂದೂ ಶರಣಪರಂಪರೆ ಹೇಳುತ್ತದೆ. ಸಮೀಪದ ಹುಮನಾಬಾದಿನಲ್ಲಿ ಇದಕ್ಕೆ ವಿರುದ್ಧವಾದ ನಿದರ್ಶನವುಂಟು: 1865ರಲ್ಲಿ ಸಮಾಧಿಸ್ಥರಾದ ಮಾಣಿಕಪ್ರಭುಗಳ ಸನ್ನಿಧಿಯಲ್ಲಿ ಹಿಂದೂಗಳೂ ಮುಸಲ್ಮಾನರೂ ಒಟ್ಟಿಗೆ ತಲೆಬಾಗುತ್ತಾರೆ.

ಆಧುನಿಕ ಕಾಲದಲ್ಲಿ ಈ ಪ್ರಶ್ನೆ ಮತ್ತೆ ಎದ್ದಿತು. 2014ರ ಆಗಸ್ಟ್ 22ರಂದು ಯು. ಆರ್. ಅನಂತಮೂರ್ತಿಯವರು ಬೆಂಗಳೂರಿನಲ್ಲಿ ನಿಧನರಾದಾಗ, ಮಂಗಳೂರು ಚಿಕ್ಕಮಗಳೂರುಗಳಲ್ಲಿ ಕೆಲವರು ಪಟಾಕಿ ಸುಟ್ಟು ಹರ್ಷಿಸಿದರು. ಸಂಸ್ಕಾರವಿಲ್ಲದೆ ಉಳಿದ ಹೆಣವೊಂದನ್ನು ನಡುವಿಟ್ಟು ‘ಸಂಸ್ಕಾರ’ವನ್ನು ರಚಿಸಿದವರ ಸಾವಿಗೇ ಈ ಗತಿ ಬಂದಿತು.

ರಾಜಶಾಸನವು ಸುಮ್ಮನಿಲ್ಲ. 1860ರ ಭಾರತೀಯ ದಂಡಸಂಹಿತೆಯ 297ನೆಯ ಕಲಮು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 301ನೆಯದಾಗಿ, ಮನನೋಯಿಸುವ ಉದ್ದೇಶದಿಂದ ಶವವನ್ನು ಅವಮಾನಿಸುವವರಿಗೂ ಅಂತ್ಯಕ್ರಿಯೆಗೆ ನೆರೆದವರನ್ನು ಕದಡುವವರಿಗೂ ಒಂದು ವರ್ಷದವರೆಗೆ ಸೆರೆ, ಇಲ್ಲವೆ ದಂಡ, ಅಥವಾ ಎರಡನ್ನೂ ವಿಧಿಸುತ್ತದೆ. ಆದರೆ ಆ ರಕ್ಷೆ ಶವ, ಶ್ಮಶಾನ, ಅಂತ್ಯಕ್ರಿಯೆಗಳ ಸುತ್ತಿನದು. ದೂರದ ಬೀದಿಯ ಪಟಾಕಿಯವರೆಗೆ ಅದರ ಮಾತು ಚಾಚದು. ಶಾಸನವು ನಿಂತೆಡೆಯಲ್ಲಿ ದುಃಖಿತ ಕುಟುಂಬವನ್ನು ಕಾಯತಕ್ಕುದು ಶಿಷ್ಟಾಚಾರವೊಂದೇ. ಅದನ್ನು ಕಲಿಸಲು ರನ್ನನ ಆ ಪ್ರಸಂಗಕ್ಕಿಂತ ಮಿಗಿಲಾದ ಪಾಠ ದುರ್ಲಭ.