ತೊಡೆಯ ಒಳದಾರಿ

ಮನುಷ್ಯದೇಹದ ಅತ್ಯಂತ ಉದ್ದದ ಎಲುಬು ತೊಡೆಯಲ್ಲಿದೆ. ಅದನ್ನು ಸುತ್ತುವರಿದ ಸ್ನಾಯುರಾಶಿಯ ಮೇಲಿನ ಚರ್ಮ ಮತ್ತು ಕೊಬ್ಬನ್ನು ಸರಿಸಿದರೆ ಮೊದಲು ಎದುರಾಗುವುದು ಇಡೀ ತೊಡೆಯನ್ನು ಬಿಗಿಯಾಗಿ ಸುತ್ತಿಕೊಂಡ ಗಟ್ಟಿಮುಟ್ಟಾದ ತಂತುಪೊರೆ. ಈ ಪೊರೆಯಿಂದ ಒಳಕ್ಕಿಳಿದ ಪದರಗಳು ಎಲುಬಿನ ಹಿಂಬದಿಯ ಒರಟು ಏಣಿಗೆ ಅಂಟಿಕೊಂಡು ತೊಡೆಯನ್ನು ಅಂಕಣಗಳಾಗಿ ವಿಂಗಡಿಸುತ್ತವೆ. ಮುಂದಿನ ಅಂಕಣದ ಸ್ನಾಯುಗಳು ಮಂಡಿಯನ್ನು ನೇರಮಾಡುತ್ತವೆ, ಹಿಂದಿನವು ಮಡಿಸುತ್ತವೆ, ಒಳಮಗ್ಗುಲಿನವು ತೊಡೆಗಳನ್ನು ಪರಸ್ಪರ ಹತ್ತಿರಕ್ಕೆ ಸೆಳೆಯುತ್ತವೆ.

ಒಂದೊಂದು ಅಂಕಣಕ್ಕೂ ಒಂದೊಂದು ನರ: ಮುಂದಕ್ಕೆ ಫೀಮೊರಲ್, ಒಳಮಗ್ಗುಲಿಗೆ ಆಬ್ಟುರೇಟರ್, ಹಿಂದಕ್ಕೆ ಸಯಾಟಿಕ್. ಈ ಅಚ್ಚುಕಟ್ಟು ವ್ಯವಸ್ಥೆಗೆ ದೇಹವೇ ಪೂರ್ತಿ ಬದ್ಧವಾಗಿಲ್ಲ. ಒಳಮಗ್ಗುಲಿನ ಅತಿದೊಡ್ಡ ಸ್ನಾಯುವಾದ ಅಡಕ್ಟರ್ ಮ್ಯಾಗ್ನಸ್‌ನ ಒಂದು ಭಾಗ ಆಬ್ಟುರೇಟರ್ ನರದ ಆಜ್ಞೆ ಪಾಲಿಸಿದರೆ ಇನ್ನೊಂದು ಭಾಗ ಸಯಾಟಿಕ್ ನರದ ಮಾತು ಕೇಳುತ್ತದೆ. ಆಬ್ಟುರೇಟರ್ ನರದ ಕವಲುಗಳು ಸೊಂಟದ ಕೀಲಿಗೂ ಮಂಡಿಗೂ ಹೋಗುವುದರಿಂದ ಸೊಂಟದ ಕೀಲಿನ ರೋಗ ಕೆಲವೊಮ್ಮೆ ಮಂಡಿನೋವಿನ ವೇಷದಲ್ಲಿ ಬರುತ್ತದೆ. ಮಂಡಿ ನೋಯುತ್ತದೆಂದು ಮಗು ಅತ್ತಾಗ ಅನುಭವಿ ವೈದ್ಯರು ಸೊಂಟವನ್ನೂ ಪರೀಕ್ಷಿಸುವುದು ಇದಕ್ಕಾಗಿಯೇ.

ಎಲ್ಲಕ್ಕಿಂತ ಕುತೂಹಲದ್ದು ಅಪಧಮನಿಯ ದಾರಿ. ತೊಡೆಸಂದಿನ ನಡುಭಾಗದಲ್ಲಿ ಬೆರಳಿಟ್ಟು ಒತ್ತಿದರೆ ಫೀಮೊರಲ್ ಅಪಧಮನಿಯ ಮಿಡಿತ ಸಿಗುತ್ತದೆ. ಅಲ್ಲಿ ಅದರ ಹೊರಮಗ್ಗುಲಿಗೆ ನರ, ಒಳಮಗ್ಗುಲಿಗೆ ಅಭಿಧಮನಿ. ನರ ಸ್ವಲ್ಪವೇ ಕೆಳಗೆ ಹಲವು ಕವಲುಗಳಾಗಿ ಚದುರಿಹೋಗುತ್ತದೆ. ಅಪಧಮನಿಯೂ ಆಳಕ್ಕೆ ಒಂದು ದಪ್ಪ ಕವಲನ್ನು ಕಳಿಸುತ್ತದೆ. ತೊಡೆಯ ಬಹುಪಾಲು ಸ್ನಾಯುಗಳಿಗೆ ರಕ್ತ ಉಣಿಸುವುದು ಈ ಆಳದ ಕವಲೇ. ಮುಖ್ಯನಾಳ ಮಾತ್ರ ತೊಡೆಯ ಮಧ್ಯಭಾಗದಲ್ಲಿ ಸ್ನಾಯುಗಳ ನಡುವಿನ ಕಿರಿದಾದ ಸುರಂಗವೊಂದನ್ನು ಹೊಕ್ಕು, ಅಡಕ್ಟರ್ ಮ್ಯಾಗ್ನಸ್‌ನ ಕೆಳತುದಿಯ ಕಿಂಡಿಯಿಂದ ಹಿಂದಕ್ಕೆ ನುಸುಳಿ, ಮಂಡಿಯ ಹಿಂಗುಳಿಯಲ್ಲಿ ಪ್ರತ್ಯಕ್ಷವಾಗುತ್ತದೆ. ಮಂಡಿಯ ಮುಂದೆಯೇ ಹಾದುಹೋಗಿದ್ದರೆ ಪ್ರತಿಸಲ ಕುಕ್ಕರಗಾಲಿನಲ್ಲಿ ಕೂತಾಗಲೂ ಅದು ಎಳೆತಕ್ಕೆ ಸಿಲುಕುತ್ತಿತ್ತು. ಮೊಣಕೈಯಲ್ಲೂ ಹೀಗೆಯೇ, ಮುಖ್ಯ ಅಪಧಮನಿ ಇರುವುದು ಕೀಲು ಮಡಿಸುವ ಬದಿಯಲ್ಲಿ.

ಈ ಸುರಂಗಕ್ಕೆ ಹಂಟರ್ ಕಾಲುವೆ ಎಂಬ ಹೆಸರು ಬಂದದ್ದು ಜಾನ್ ಹಂಟರ್ ಎಂಬ ಶಸ್ತ್ರವೈದ್ಯನಿಂದ. 1785ರ ಡಿಸೆಂಬರ್‌ನಲ್ಲಿ ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯಲ್ಲಿ ಆತನ ಮುಂದೆ ಇದ್ದವನು 45 ವರ್ಷದ ಒಬ್ಬ ಕುದುರೆಗಾಡಿ ಚಾಲಕ. ಮಂಡಿಯ ಹಿಂದೆ ಅಪಧಮನಿಯ ಗೋಡೆ ತೆಳುವಾಗಿ ದೊಡ್ಡದಾಗಿ ಉಬ್ಬಿಕೊಂಡಿತ್ತು. ಅಂಥ ಉಬ್ಬನ್ನು ಸೀಳಿ ಪಕ್ಕದಲ್ಲೇ ನಾಳವನ್ನು ಕಟ್ಟಿದರೆ ರೋಗಗ್ರಸ್ತ ಗೋಡೆ ದಾರದ ಬಿಗಿತಕ್ಕೆ ಹರಿದು ರಕ್ತ ನುಗ್ಗುವ ಭಯವಿತ್ತು. ಉಳಿದ ದಾರಿಯೆಂದರೆ ತೊಡೆಯನ್ನೇ ಕತ್ತರಿಸುವುದು. ಅರಿವಳಿಕೆಯಿಲ್ಲದ ಕಾಲದಲ್ಲಿ ಎರಡೂ ಘೋರವೇ. ಹಂಟರ್ ಉಬ್ಬನ್ನು ಮುಟ್ಟಲೇ ಇಲ್ಲ. ಬಹಳ ಮೇಲೆ, ನಾಳದ ಗೋಡೆ ಆರೋಗ್ಯವಾಗಿರುವ ಈ ಸುರಂಗದಲ್ಲಿ ಅಪಧಮನಿಯನ್ನು ಕಟ್ಟಿದ.

ಕಾಲಿನ ಮುಖ್ಯನಾಳವನ್ನೇ ಮುಚ್ಚಿದ ಮೇಲೂ ಕಾಲು ಕೊಳೆಯಲಿಲ್ಲ. ಆಳದ ಕವಲಿನಿಂದ ಹೊರಟ ಉಪನಾಳಗಳು ಅಡಕ್ಟರ್ ಮ್ಯಾಗ್ನಸ್ ಅನ್ನು ತೂರಿಕೊಂಡು ತೊಡೆಯ ಹಿಂಬದಿಗೆ ಬರುತ್ತವೆ. ಅವುಗಳ ಸಣ್ಣ ಕವಲುಗಳು ಮಂಡಿಯ ಸುತ್ತಲಿನ ನಾಳಜಾಲದೊಡನೆ ಕೂಡಿಕೊಂಡಿವೆ. ಹೆದ್ದಾರಿ ಮುಚ್ಚಿದಾಗ ಹಳ್ಳಿದಾರಿಗಳಲ್ಲಿ ಸಂಚಾರ ಹೆಚ್ಚುವಂತೆ ಈ ಕಿರುನಾಳಗಳಲ್ಲಿ ರಕ್ತದ ಹರಿವು ಹೆಚ್ಚಿತು, ಕ್ರಮೇಣ ಅವು ಹಿಗ್ಗಿದವು. ಗಾಡಿ ಚಾಲಕ ಆರು ವಾರಗಳ ಬಳಿಕ ತನ್ನ ಕಾಲಿನೊಂದಿಗೇ ಮನೆಗೆ ಹೋದ. ಹದಿನೈದು ತಿಂಗಳ ನಂತರ ಆತ ಜ್ವರದಿಂದ ತೀರಿಕೊಂಡಾಗ, ಹಂಟರ್ ಆ ಕಾಲನ್ನು ಪಡೆದು ಛೇದಿಸಿ ನೋಡಿದ. ಫಲಿತಾಂಶವನ್ನು ಕಣ್ಣಾರೆ ಕಂಡೇ ತಿಳಿಯಬೇಕೆಂಬ ಈ ಹಟವೇ ಆತನನ್ನು ಕೇವಲ ಕೈಚಳಕದ ಶಸ್ತ್ರವೈದ್ಯರಿಂದ ಬೇರೆಯಾಗಿಸಿದ್ದು.

ಇಂದು ಇಂಥ ಉಬ್ಬಿಗೆ ಬದಲಿ ನಾಳ ಜೋಡಿಸುವ ಅಥವಾ ನಾಳದೊಳಗೇ ಕೊಳವೆ ಕೂರಿಸುವ ಚಿಕಿತ್ಸೆಗಳಿವೆ. ಆದರೆ ಹಂಟರ್ ಕಾಲುವೆಯನ್ನು ವೈದ್ಯರು ಬೇರೊಂದು ಕಾರಣಕ್ಕಾಗಿ ಹುಡುಕಿಕೊಂಡು ಹೋಗುತ್ತಾರೆ. ಅಪಧಮನಿಯ ಜೊತೆಯಲ್ಲೇ ಸ್ಯಾಫಿನಸ್ ಎಂಬ ತೆಳುನರ ಅಲ್ಲಿ ಸಾಗುತ್ತದೆ. ಅದು ಯಾವ ಸ್ನಾಯುವನ್ನೂ ಆಡಿಸುವುದಿಲ್ಲ, ಸ್ಪರ್ಶ ಮತ್ತು ನೋವಿನ ಸಂವೇದನೆಯನ್ನಷ್ಟೇ ಒಯ್ಯುತ್ತದೆ. ಹೀಗಾಗಿ ಮಂಡಿ ಬದಲಿಸುವ ಶಸ್ತ್ರಚಿಕಿತ್ಸೆಯ ವೇಳೆ ಅಲ್ಟ್ರಾಸೌಂಡ್ ನೆರವಿನಿಂದ ಈ ಕಾಲುವೆಗೆ ಮರಗಟ್ಟಿಸುವ ಔಷಧ ಚುಚ್ಚಿದರೆ, ನೋವು ತಗ್ಗುತ್ತದೆ. ತೊಡೆಯ ಮುಂಭಾಗದ ಸ್ನಾಯುಗಳ ಬಲವಾದರೋ ಬಹುಮಟ್ಟಿಗೆ ಉಳಿಯುವುದರಿಂದ ರೋಗಿಯನ್ನು ಬೇಗನೆ ಎಬ್ಬಿಸಿ ನಡೆಸಲು ಸಾಧ್ಯವಾಗುತ್ತದೆ.