ಬೆಂಕಿ ನಡೆಯುವ ಗೂಡು

ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲನ್ನು ಕೂಡುವ ಮಂಗಳೂರಿನಲ್ಲಿ, ಆ ನದಿಗಳೇ ತಂದು ಹರಹಿದ ಆವೆಮಣ್ಣನ್ನು ಬಂಡವಾಳವಾಗಿಟ್ಟುಕೊಂಡು ಬೆಳೆದ ಹಂಚಿನ ಉದ್ಯಮದ ಹೆಸರನ್ನು ಕೇಳದ ಕನ್ನಡಿಗರು ವಿರಳ. ಬಾಸೆಲ್ ಮಿಷನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ, ಯಂತ್ರವಿದ್ಯೆಯನ್ನು ಬಲ್ಲ ಜಾರ್ಜ್ ಪ್ಲೆಬ್ಸ್ಟ್ ಎಂಬವರ ನೇತೃತ್ವದಲ್ಲಿ ಈ ಉದ್ಯಮಕ್ಕೆ ತಳಹದಿಯನ್ನು ಹಾಕಿದ ಸಂಗತಿಯೂ, ಮಂಗಳೂರು ಹಂಚು ಕಡಲನ್ನು ದಾಟಿ ಹೊರದೇಶಗಳ ಮಾಡುಗಳನ್ನು ಏರಿದ ಸಂಗತಿಯೂ ಸುಪರಿಚಿತವಾದುವೇ. ಆದರೆ ಹಂಚಿಗೆ ಸಂದ ಈ ಕೀರ್ತಿಯಲ್ಲಿ, ಅದನ್ನು ಸುಟ್ಟು ಗಟ್ಟಿಮಾಡಿದ ಗೂಡಿಗೆ ಸಲ್ಲಬೇಕಾದ ಪಾಲು ಇನ್ನೂ ಸಂದಿಲ್ಲ. ಅಲ್ಲಿಯ ಹಲವು ಕಾರ್ಖಾನೆಗಳು ಅಳವಡಿಸಿಕೊಂಡ, ವರ್ತುಲಾಕಾರದ ಸುರಂಗದಂತಿರುವ ಹಾಫ್‌ಮನ್ ಗೂಡು, ಉಷ್ಣವನ್ನು ವ್ಯರ್ಥಮಾಡದೆ ಮರಳಿ ಮರಳಿ ದುಡಿಸಿಕೊಳ್ಳುವುದರಲ್ಲಿ ಮನುಷ್ಯನು ತೋರಿದ ಜಾಣ್ಮೆಯ ಅತ್ಯುತ್ತಮ ನಿದರ್ಶನಗಳಲ್ಲೊಂದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕಮ್ಮಾರನ ಕುಲುಮೆಯಾಗಲಿ, ಬೆಲ್ಲ ಕಾಯಿಸುವ ಆಲೆಮನೆಯಾಗಲಿ, ಕುಂಬಾರನ ಆವಿಗೆಯಾಗಲಿ, ಬೆಂಕಿಯನ್ನು ನಂಬಿದ ಯಾವ ಕಸುಬಿನಲ್ಲಿಯೂ ಸೌದೆಯಿಂದ ಹುಟ್ಟಿದ ಉಷ್ಣವೆಲ್ಲ ಉದ್ದಿಷ್ಟ ಕಾರ್ಯಕ್ಕೆ ಒದಗುವುದಿಲ್ಲ. ಸಾಮಾನ್ಯವಾದ ಗೂಡಿನಲ್ಲಿ ಹಸಿಹಂಚನ್ನು ಒಟ್ಟಿ, ಬಾಗಿಲು ಮುಚ್ಚಿ, ಬೆಂಕಿಯಿಟ್ಟು, 900ರಿಂದ 1,000 ಡಿಗ್ರಿ ಸೆಂಟಿಗ್ರೇಡಿನ ತಾಪಕ್ಕೆ ಏರಿಸಬೇಕು. ಅನಂತರ ಬೆಂಕಿಯನ್ನು ನಿಲ್ಲಿಸಿ, ಎಲ್ಲವೂ ಆರುವವರೆಗೆ ಕಾದು ಕುಳಿತಿರಬೇಕು. ಉರಿಯುವಾಗ ಹೊಗೆಯೊಡನೆ ಹೋದ ಬಿಸಿ ಆಕಾಶದ ಪಾಲು. ಗೋಡೆಗಳು ಹೀರಿಕೊಂಡ ಬಿಸಿಯೂ ಬೆಂದ ಹಂಚಿನ ಒಡಲಲ್ಲಿ ನಿಂತ ಬಿಸಿಯೂ ಆರುವ ಕಾಲದಲ್ಲಿ ಗಾಳಿಯ ಪಾಲು. ಮುಂದಿನ ಸರದಿಗೆ ತಣ್ಣಗಾದ ಗೋಡೆಯನ್ನು ಮೊದಲಿನಿಂದ ಕಾಯಿಸಬೇಕು, ಅದಕ್ಕೆ ಮತ್ತೆ ಕಾಡಿನ ಮರ ಉರುಳಬೇಕು.

ಈ ನಷ್ಟವನ್ನು ತಡೆಯುವ ಉಪಾಯವನ್ನು ಕಂಡು, 1858ರಲ್ಲಿ ಪ್ರಷ್ಯದಲ್ಲಿ ಅದಕ್ಕೆ ಪೇಟೆಂಟನ್ನು ಪಡೆದವರು ಫ್ರೀಡ್ರಿಖ್ ಹಾಫ್‌ಮನ್ ಎಂಬ ಜರ್ಮನ್ ಕಟ್ಟಡಶಿಲ್ಪಿ. ಅವರು ಮಾಡಿದ್ದಾದರೂ ಏನು? ಗೂಡಿಗೆ ಹೊಸದೊಂದು ಯಂತ್ರವನ್ನು ಜೋಡಿಸಲಿಲ್ಲ. ಕೆಲಸದ ಕ್ರಮವನ್ನೇ ತಿರುಗಿಸಿದರು. ಬೆಂಕಿ ಒಂದೆಡೆ ನಿಂತು ಸರಕು ಬಂದು ಹೋಗುವ ಪದ್ಧತಿಯನ್ನು ಬಿಟ್ಟು, ಸರಕು ಇದ್ದಲ್ಲಿಯೇ ಇರುವಂತೆಯೂ ಬೆಂಕಿಯೇ ಕೋಣೆಯಿಂದ ಕೋಣೆಗೆ ನಡೆಯುವಂತೆಯೂ ಗೂಡನ್ನು ಕಲ್ಪಿಸಿದರು.

ವಿಚಾರವು ಸ್ಫುಟವಾಗುವುದಕ್ಕಾಗಿ ಹನ್ನೆರಡು ಕೋಣೆಗಳು ಬಳೆಯಂತೆ ಸುತ್ತಿಕೊಂಡಿರುವ ಗೂಡೊಂದನ್ನು ಮನಸ್ಸಿಗೆ ತಂದುಕೊಳ್ಳಿ; ನಟ್ಟನಡುವೆ ಎತ್ತರವಾದ ಹೊಗೆಗೂಡು, ಪ್ರತಿಯೊಂದು ಕೋಣೆಯಿಂದಲೂ ಅದಕ್ಕೆ ಮುಚ್ಚಳವುಳ್ಳ ಹೊಗೆದಾರಿ. ಈಗ ಬೆಂಕಿ ಏಳನೆಯ ಕೋಣೆಯಲ್ಲಿದೆ ಎನ್ನೋಣ. ಮೂರರಿಂದ ಆರರವರೆಗಿನ ಕೋಣೆಗಳಲ್ಲಿರುವುದು ಆಗಲೇ ಬೆಂದು ಆರುತ್ತಿರುವ ಹಂಚು. ಎಂಟರಿಂದ ಹನ್ನೆರಡರವರೆಗೆ ಬೇಯುವ ಸರದಿಯನ್ನು ಕಾಯುತ್ತಿರುವ ಹಸಿಹಂಚು. ಎರಡನೆಯ ಕೋಣೆಯಿಂದ ಆರಿದ ಸರಕನ್ನು ಹೊರಗೆ ಸಾಗಿಸುತ್ತಿದ್ದಾರೆ, ಒಂದನೆಯದಕ್ಕೆ ಹೊಸದನ್ನು ತುಂಬುತ್ತಿದ್ದಾರೆ. ತೆರೆದಿರುವ ಈ ಎರಡು ಬಾಗಿಲುಗಳಿಂದ ಒಳಹೊಕ್ಕ ತಣ್ಣನೆಯ ಗಾಳಿಯು ಮೂರನೆಯ, ನಾಲ್ಕನೆಯ, ಐದನೆಯ, ಆರನೆಯ ಕೋಣೆಗಳ ಹಂಚಿನ ಸಂದುಗಳಲ್ಲಿ ನುಸುಳುತ್ತ, ಅವನ್ನು ಆರಿಸುತ್ತ, ಅವುಗಳ ತಾಪವನ್ನು ತಾನು ಧರಿಸುತ್ತ ಬಂದು, ಏಳನೆಯ ಕೋಣೆಯನ್ನು ಸೇರುವ ಹೊತ್ತಿಗೆ ತಾನೇ ಧಗಧಗಿಸುವ ಸ್ಥಿತಿಗೆ ಬಂದಿರುತ್ತದೆ. ಅಂತಹ ಗಾಳಿಯಲ್ಲಿ ಉರಿಯುವ ಇಂಧನ ಅಲ್ಪವಾದರೂ ಸಾಕಾಗುತ್ತದೆ. ಅಲ್ಲಿಂದ ಹೊರಟ ಉರಿಯ ಹೊಗೆಯು ನೇರವಾಗಿ ಆಕಾಶಕ್ಕೆ ಹೋಗದೆ ಎಂಟರಿಂದ ಹನ್ನೆರಡರವರೆಗೆ ಹಸಿಹಂಚಿನ ಮೇಲೆ ಹಾಯ್ದು, ತನ್ನ ಬಿಸಿಯನ್ನು ಅವಕ್ಕೆ ಒಪ್ಪಿಸಿ, ಬಹುಮಟ್ಟಿಗೆ ತಣಿದ ಮೇಲೆ ಹೊಗೆಗೂಡನ್ನು ಏರುತ್ತದೆ.

ಹನ್ನೆರಡಕ್ಕೂ ಒಂದಕ್ಕೂ ನಡುವೆ ಗಾಳಿಯನ್ನು ತಡೆಯುವ ಪರದೆ ಬರಿಯ ಕಾಗದದ್ದು ಎಂದರೆ ಓದುಗರಿಗೆ ಆಶ್ಚರ್ಯವಾದೀತು. ಒಂದನೆಯ ಕೋಣೆ ತುಂಬಿದೊಡನೆ ಅದರಾಚೆಗೆ ಹೊಸ ಕಾಗದವನ್ನು ಅಂಟಿಸಿ ಬಾಗಿಲನ್ನು ಇಟ್ಟಿಗೆಯಿಂದ ಮುಚ್ಚಿ, ಅದರ ಹೊಗೆದಾರಿಯನ್ನು ತೆರೆಯುತ್ತಾರೆ. ಬೆಂಕಿಯು ಎಂಟನೆಯ ಕೋಣೆಗೆ ಸರಿಯುತ್ತದೆ. ಹಳೆಯ ಕಾಗದವು ತನ್ನ ಕಾರ್ಯವನ್ನು ಮುಗಿಸಿ, ಬಿಸಿ ಏರಿದಾಗ ತಾನಾಗಿಯೇ ಸುಟ್ಟುಹೋಗುತ್ತದೆ. ಹೀಗೆ ಒಮ್ಮೆ ಹೊತ್ತಿಸಿದ ಬೆಂಕಿ ತಿಂಗಳುಗಟ್ಟಲೆ ಆರದೆ ಪ್ರದಕ್ಷಿಣೆ ಬರುತ್ತಿರುತ್ತದೆ. ಹಳೆಯ ಗೂಡುಗಳಿಗೆ ಬೇಕಾಗಿದ್ದ ಇಂಧನದಲ್ಲಿ ಮೂರರಲ್ಲೆರಡು ಪಾಲು ಇದರಿಂದ ಉಳಿಯುವುದೆಂಬುದು ಅಂದಿನವರ ಗಣನೆ. 1867ರ ಪ್ಯಾರಿಸ್ ಪ್ರದರ್ಶನದಲ್ಲಿ ಈ ಗೂಡಿಗೆ ಶ್ರೇಷ್ಠ ಬಹುಮಾನ ದೊರೆಯಿತು.

ಉಷ್ಣದಲ್ಲಿಯೂ ತರತಮಗಳುಂಟು. ಸಾವಿರ ಡಿಗ್ರಿಯ ಉಷ್ಣ ಮಾಡುವ ಕೆಲಸವನ್ನು ನೂರು ಡಿಗ್ರಿಯದು ಮಾಡಲಾರದು. ಆದರೆ ನೂರು ಡಿಗ್ರಿಯದಕ್ಕೆ ಒಪ್ಪುವ ಕೆಲಸವೂ ಇದ್ದೇ ಇದೆ. ನಮ್ಮ ಹಳೆಯ ಮನೆಗಳ ಕೋಡೊಲೆಯಲ್ಲಿ ಮುಂದಿನ ಬಾಯಿಯ ಉರಿ ಅನ್ನವನ್ನು ಕುದಿಸಿದರೆ, ಕೋಡಿನ ಕಡೆಗೆ ಹಾಯ್ದ ಉಳಿದ ಬಿಸಿ ಸಾರನ್ನು ಆರದಂತೆ ಇಡುತ್ತಿದ್ದುದು ಇದೇ ವಿವೇಕದಿಂದ. ಹಂಚಿನ ಕಾರ್ಖಾನೆಯಲ್ಲಿ ಆ ಎರಡನೆಯ ಕೆಲಸವೆಂದರೆ ಒಣಗಿಸುವುದು. ಅಚ್ಚಿನಿಂದ ಹೊರಬಂದ ಹಂಚಿನ ಮೈಯಲ್ಲಿ ಹೇರಳವಾಗಿ ನೀರಿರುತ್ತದೆ. ಒಂದು ಕಿಲೋಗ್ರಾಂ ನೀರನ್ನು 30 ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ತರಲು ಬೇಕಾಗುವ ಉಷ್ಣಕ್ಕಿಂತ, ಕುದಿಯುವ ಅದೇ ನೀರನ್ನು ಆವಿಯಾಗಿಸಲು ಏಳು ಪಟ್ಟಿಗೂ ಮಿಕ್ಕಿ ಉಷ್ಣ ಬೇಕು. ವರ್ಷಕ್ಕೆ ಮೂರು ಮೀಟರಿಗೂ ಹೆಚ್ಚು ಮಳೆ ಬೀಳುವ ಕರಾವಳಿಯಲ್ಲಿ ಆಷಾಢ ಶ್ರಾವಣಗಳ ಸೂರ್ಯನನ್ನು ನಂಬಿ ಈ ಕೆಲಸ ನಡೆಯದು; ಅದಕ್ಕೆಂದು ಬೇರೆ ಬೆಂಕಿಯನ್ನು ಹೂಡಿದರೆ ವೆಚ್ಚ ತಾಳದು. ಆದಕಾರಣ ಗೂಡಿನ ಮೇಲೆಯೇ ಮರದ ಅಟ್ಟಗಳನ್ನು ಕಟ್ಟಿ, ಸಾಲುಸಾಲಾದ ಹಲಗೆಗಳ ಮೇಲೆ ಹಸಿಹಂಚನ್ನು ಜೋಡಿಸಿ, ಕಮಾನಿನಿಂದ ಮೇಲೇಳುವ ಬಿಸಿಯಲ್ಲಿ ಅದನ್ನು ಮೆಲ್ಲಗೆ ಒಣಗಿಸುವ ರೂಢಿ ಬೆಳೆಯಿತು. ಮೆಲ್ಲಗೆ ಎಂಬುದು ಇಲ್ಲಿ ಮುಖ್ಯ. ಅವಸರದಲ್ಲಿ ಒಣಗಿದ ಹಂಚು ಸೊಟ್ಟಗಾಗುತ್ತದೆ, ಇಲ್ಲವೆ ಸೀಳುತ್ತದೆ. ಪ್ರಖರವಲ್ಲದ ಉಳಿಕೆಯ ಬಿಸಿಯೇ ಈ ಕೆಲಸಕ್ಕೆ ಹೆಚ್ಚು ಯೋಗ್ಯವಾದುದು.

ಹಾಗೆಂದು ಕಡೆಯ ಕಣದವರೆಗೂ ಬಿಸಿಯನ್ನು ಹಿಂಡಿಕೊಳ್ಳುವುದು ಸಾಧ್ಯವೂ ಅಲ್ಲ, ಹಿತವೂ ಅಲ್ಲ. ಹೊಗೆಯು ತೀರ ತಣ್ಣಗಾದರೆ ಅದು ಮೇಲೇರದು. ಅದು ಏರದಿದ್ದರೆ ಗೂಡಿನೊಳಕ್ಕೆ ಗಾಳಿಯನ್ನು ಎಳೆಯುವ ಶಕ್ತಿಯೇ ಇಲ್ಲವಾಗುತ್ತದೆ. ಅಷ್ಟೇ ಅಲ್ಲದೆ ಹೊಗೆಯಲ್ಲಿರುವ ನೀರಾವಿ ತಣ್ಣನೆಯ ಹಸಿಹಂಚಿನ ಮೇಲೆ ಹನಿಗಟ್ಟಿ, ಕಷ್ಟಪಟ್ಟು ಒಣಗಿಸಿದ ಸರಕನ್ನು ಮತ್ತೆ ಮೆತ್ತಗೆ ಮಾಡಿಬಿಡುತ್ತದೆ. ಇದನ್ನು ಅರಿತ ಗೂಡುಗಾರರು ಹೊಸದಾಗಿ ತುಂಬಿದ ಕೋಣೆಗೆ ಮೊದಲು ಹೊಗೆಯನ್ನು ಬಿಡದೆ, ಆರುತ್ತಿರುವ ಕೋಣೆಗಳಿಂದ ಶುದ್ಧವಾದ ಬಿಸಿಗಾಳಿಯನ್ನು ಪ್ರತ್ಯೇಕ ದಾರಿಯಲ್ಲಿ ತಂದು ಹಾಯಿಸುವ ಏರ್ಪಾಡನ್ನೂ ಮಾಡಿದರು.

ಈ ಎಲ್ಲ ವ್ಯವಸ್ಥೆ ಕಡೆಗೆ ನಿಂತಿರುವುದು ಗೂಡಿನ ಮೇಲೆ ನಿಂತು ಬೆಂಕಿಯನ್ನು ನೋಡಿಕೊಳ್ಳುವ ಕೆಲಸಗಾರನ ಕಣ್ಣಿನ ಮೇಲೆ. ಕಮಾನಿನಲ್ಲಿ ಬಿಟ್ಟಿರುವ ಕಿರಿದಾದ ಕಿಂಡಿಗಳ ಮುಚ್ಚಳವನ್ನು ತೆಗೆದು, ಒಳಗಿನ ಕೆಂಪು ಮಸುಕಾಗಿದೆಯೋ, ಕಿತ್ತಳೆಯ ಬಣ್ಣಕ್ಕೆ ತಿರುಗಿದೆಯೋ ಎಂಬುದನ್ನು ನೋಡಿ, ಅವನು ಇಂಧನವನ್ನು ಸ್ವಲ್ಪಸ್ವಲ್ಪವಾಗಿ, ಬಿಡುವು ಬಿಟ್ಟು ಹಾಕುತ್ತಾನೆ. ಒಮ್ಮೆಗೇ ಸುರಿದರೆ ಅದು ಅರೆಬೆಂದು ಕಪ್ಪುಹೊಗೆಯಾಗಿ ಹೋಗುತ್ತದೆ. ಈ ವಿದ್ಯೆಯನ್ನು ಯಾವ ಶಾಲೆಯೂ ಕಲಿಸಲಿಲ್ಲ. ಹಿರಿಯರ ಪಕ್ಕದಲ್ಲಿ ವರ್ಷಗಟ್ಟಲೆ ನಿಂತು, ಸುಡುವ ನೆಲದ ಮೇಲೆ ರಾತ್ರಿಪಾಳಿಗಳನ್ನು ಕಳೆದು ಅವನು ಗಳಿಸಿದ್ದು ಅದು.

1876ರಲ್ಲಿ ಬುಲ್ ಎಂಬ ಇಂಗ್ಲಿಷ್ ಎಂಜಿನಿಯರರು ಇದೇ ತತ್ತ್ವವನ್ನು ಕಮಾನಿಲ್ಲದ ಕಂದಕಕ್ಕೆ ಇಳಿಸಿದರು. ಉತ್ತರ ಭಾರತದ ಬಯಲುಗಳಲ್ಲಿ ಹರಡಿರುವ ಇಟ್ಟಿಗೆಯ ಗೂಡುಗಳು ಬಹುಮಟ್ಟಿಗೆ ಆ ಸಂತತಿಯವೇ. ಕರಾವಳಿಯ ಹಂಚಿನ ಕಾರ್ಖಾನೆಗಳಾದರೋ, ಕಾಂಕ್ರೀಟಿನ ಚಾವಣಿ ಬಂದು, ಮಣ್ಣೂ ಸೌದೆಯೂ ದುರ್ಲಭವಾಗಿ, ಒಂದೊಂದಾಗಿ ಬಾಗಿಲು ಮುಚ್ಚಿವೆ. ನಗರದೊಳಗಿನ ನೆಲಕ್ಕೆ ಬೆಲೆ ಏರಿದಂತೆ ಅವುಗಳ ಗೂಡುಗಳು ನೆಲಸಮವಾಗುವುದು ಸಹಜ. ಉಳಿದಿರುವ ಕೆಲವನ್ನಾದರೂ ಕೆಡಹುವ ಮುನ್ನ, ಕೋಣೆಗಳ ಅಳತೆ, ಹೊಗೆದಾರಿಗಳ ನಕ್ಷೆ, ಅಟ್ಟಗಳ ಎತ್ತರ ಇವನ್ನು ಸಮೀಪದ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಬರೆದಿಟ್ಟುಕೊಳ್ಳಬೇಕು; ಅದಕ್ಕೂ ಮೊದಲು, ಕಿಂಡಿಯ ಬಳಿ ನಿಂತು ಬಣ್ಣದಿಂದಲೇ ತಾಪವನ್ನು ಹೇಳಬಲ್ಲ ವೃದ್ಧ ಕೆಲಸಗಾರರನ್ನು ಹುಡುಕಿ, ಅವರು ಹೇಳುವುದನ್ನು ಅವರ ತುಳು ಕನ್ನಡಗಳಲ್ಲಿಯೇ ದಾಖಲಿಸಿಕೊಳ್ಳಬೇಕು.