ತೊಡೆಸಂದಿಯ ತುರಿಕೆ: ಮುಲಾಮಿಗೆ ಮೊದಲು ರೋಗ ಯಾವುದೆಂದು ತಿಳಿಯಲಿ

ಮಳೆಗಾಲದಲ್ಲಿ ಸೊರಬ, ಶಿಕಾರಿಪುರದ ಕಡೆ ಬಟ್ಟೆ ಒಣಗುವುದೇ ಕಷ್ಟ. ಗದ್ದೆಯಲ್ಲಿ ನೆನೆದು ದುಡಿಯುವವರು, ಬಿಗಿ ಪ್ಯಾಂಟು ತೊಟ್ಟು ದಿನವಿಡೀ ಅಂಗಡಿಯಲ್ಲಿ ಕೂರುವವರು, ಒಲೆಯ ಮುಂದೆ ಬೆವರುವ ಗೃಹಿಣಿಯರು ಅನೇಕರಿಗೆ ತೊಡೆಸಂದಿಯಲ್ಲಿ, ಗುಪ್ತಾಂಗದ ಸುತ್ತ ತುರಿಕೆ ಕಾಣಿಸಿಕೊಳ್ಳುತ್ತದೆ. ಸಂಕೋಚದಿಂದ ಯಾರಿಗೂ ಹೇಳದೆ ಮೆಡಿಕಲ್ ಶಾಪಿನಿಂದ ಒಂದು ಟ್ಯೂಬ್ ತರುತ್ತಾರೆ. ನಾಲ್ಕು ದಿನದಲ್ಲಿ ತುರಿಕೆ ನಿಲ್ಲುತ್ತದೆ. ಸ್ವಲ್ಪ ದಿನಗಳಲ್ಲೇ ಮರಳಿ ಬರುತ್ತದೆ, ಈ ಬಾರಿ ಇನ್ನೂ ಅಗಲವಾಗಿ.

ಕಾರಣ ಆ ಟ್ಯೂಬಿನಲ್ಲೇ ಇರಬಹುದು. ಅದರ ಮೇಲೆ ಕ್ಲೊಬೆಟಸಾಲ್ ಅಥವಾ ಬೀಟಾಮೆಥಾಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ಇದು ಉರಿ, ಕೆಂಪು, ತುರಿಕೆಗಳನ್ನು ಅಡಗಿಸುತ್ತದೆ. ಆದರೆ ಶಿಲೀಂಧ್ರವನ್ನು ಕೊಲ್ಲುವುದಿಲ್ಲ, ಅದರ ವಿರುದ್ಧ ಚರ್ಮ ನಡೆಸುವ ಹೋರಾಟವನ್ನೇ ಕುಗ್ಗಿಸುತ್ತದೆ. ದೀರ್ಘಕಾಲ ಹಚ್ಚಿದರೆ ಚರ್ಮ ತೆಳುವಾಗಿ ಬಿರುಕಿನ ಗೆರೆಗಳು ಉಳಿಯುತ್ತವೆ. ಇಂತಹ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರುವುದಕ್ಕೆ ಕೇಂದ್ರ ಸರ್ಕಾರ 2018ರಲ್ಲಿ ಕಡಿವಾಣ ಹಾಕಿತು. ಇದರ ಜೊತೆಗೆ, ಸಾಮಾನ್ಯವಾಗಿ ಕೊಡುವ ಟರ್ಬಿನಾಫಿನ್ ಔಷಧಿಗೂ ಹಲವು ಸಲ ಬಗ್ಗದ ಒಂದು ಶಿಲೀಂಧ್ರ ನಮ್ಮ ದೇಶದಲ್ಲಿ ಹರಡಿದೆ. 2020ರಲ್ಲಿ ಅದಕ್ಕೆ ಟ್ರೈಕೊಫೈಟಾನ್ ಇಂಡೋಟಿನಿಯೆ ಎಂದು ಹೆಸರಿಡಲಾಯಿತು.

ಆದರೆ ಅಲ್ಲಿ ತುರಿಸುವುದೆಲ್ಲ ಹುಳುಕಡ್ಡಿಯಲ್ಲ. ಮಧುಮೇಹಿಗಳಲ್ಲಿ ಕ್ಯಾಂಡಿಡಾ ಪದೇಪದೇ ಕಾಡುತ್ತದೆ. ಎರಿತ್ರಾಸ್ಮ ಬ್ಯಾಕ್ಟೀರಿಯಾದಿಂದ ಬರುವುದು. ಸೋಪು, ಡೆಟ್ಟಾಲ್, ಪ್ಯಾಡ್‌ಗಳ ಅಲರ್ಜಿಯೂ ಇರಬಹುದು. ಮಡಿಕೆಗಳಲ್ಲಿ ಬರುವ ಸೋರಿಯಾಸಿಸ್ ಅಂಟುರೋಗವೇ ಅಲ್ಲ. ಮನೆಯಲ್ಲಿ ಹಲವರಿಗೆ ರಾತ್ರಿ ತುರಿಕೆ ಹೆಚ್ಚಾದರೆ ಕಜ್ಜಿಯ ಶಂಕೆ. ಒಂದೊಂದಕ್ಕೂ ಚಿಕಿತ್ಸೆ ಬೇರೆ. ಸ್ಟೀರಾಯ್ಡ್ ಹಚ್ಚಿದ ಮೇಲೆ ಎಲ್ಲವೂ ಒಂದೇ ತರಹ ಕಾಣುವುದರಿಂದ ವೈದ್ಯರಿಗೂ ಗುರುತಿಸುವುದು ಕಷ್ಟ.

ಆದ್ದರಿಂದ ಎರಡನೇ ಸಲ ಮರುಕಳಿಸಿದಾಗ ಹೊಸ ಟ್ಯೂಬ್ ಕೊಳ್ಳಬೇಡಿ. ತಾಲೂಕು ಆಸ್ಪತ್ರೆಯಲ್ಲಿ ತೋರಿಸಿ, ಅಗತ್ಯವಿದ್ದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಿ. ಈವರೆಗೆ ಹಚ್ಚಿದ ಎಲ್ಲ ಟ್ಯೂಬ್‌ಗಳನ್ನು ಜೊತೆಗೊಯ್ಯಿರಿ. ಚರ್ಮದ ಹೊಟ್ಟನ್ನು ಮೆಲ್ಲಗೆ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಯಿದೆ. ಅದನ್ನು ಮಾಡಬಹುದೇ, ರಕ್ತದ ಸಕ್ಕರೆ ನೋಡಬೇಕೇ ಎಂದು ನೀವೇ ಕೇಳಿ. ವಾಸಿಯಾಗದ ಹುಣ್ಣು, ಅದೇ ಜಾಗದಲ್ಲಿ ಮರಳಿ ಬರುವ ನೀರುಗುಳ್ಳೆ, ಬಿಳಿಚಿ ಕುಗ್ಗುವ ಚರ್ಮ ಕಂಡರೆ ತಡಮಾಡಬೇಡಿ. ಸ್ಟೀರಾಯ್ಡ್ ನಿಲ್ಲಿಸಿದಾಗ ತುರಿಕೆ ಕೆಲ ದಿನ ಹೆಚ್ಚಬಹುದು. ಹೆದರಿ ಮತ್ತೆ ಹಚ್ಚದೆ ವೈದ್ಯರಿಗೆ ತಿಳಿಸಿ. ಹುಳುಕಡ್ಡಿಯೇ ಆಗಿದ್ದರೆ ಔಷಧಿ ಹಲವು ವಾರ ಬೇಕಾಗುತ್ತದೆ. ತುರಿಕೆ ನಿಂತಿತೆಂದು ಅರ್ಧಕ್ಕೆ ಬಿಡಬಾರದು. ಮನೆಯಲ್ಲಿ ತುರಿಕೆಯಿರುವ ಇತರರಿಗೂ ಜೊತೆಯಲ್ಲೇ ಚಿಕಿತ್ಸೆಯಾಗಬೇಕು.

ಇಸ್ತಿಂಜಾ, ಗುಸ್ಲ್ ನಂತರ ಆ ಭಾಗವನ್ನು ಶುಭ್ರ ಬಟ್ಟೆಯಿಂದ ಒತ್ತಿ ಒಣಗಿಸಿ. ಚರ್ಮ ಒದ್ದೆಯಾಗಿದ್ದರೆ ಶಿಲೀಂಧ್ರಕ್ಕೆ ಅನುಕೂಲ. ಟವೆಲ್ ಪ್ರತ್ಯೇಕವಿರಲಿ. ಒಳಉಡುಪು ಹತ್ತಿಯದಾಗಿರಲಿ, ಬಿಸಿನೀರಿನಲ್ಲಿ ಒಗೆದು, ಬಿಸಿಲಿಲ್ಲದ ದಿನ ಇಸ್ತ್ರಿ ಹಾಕಿ. ಸೊಂಟದ ದಾರವನ್ನು ತೆಗೆದಿಡಿ. ಗಾಯವಿರುವಾಗ ರೋಮಕ್ಕೆ ಬ್ಲೇಡ್ ಬಳಸದೆ ಕತ್ತರಿಯಿಂದ ಗಿಡ್ಡ ಮಾಡಿ.

ಇನ್ನೊಂದು ಮಾತು. ಗುಪ್ತಾಂಗದ ತುರಿಕೆ ನಡತೆಗೆ ಸಾಕ್ಷಿಯಲ್ಲ. ರೋಗ ಯಾವುದೆಂದು ತಿಳಿಯುವ ಮೊದಲೇ ಗಂಡ ಹೆಂಡಿರು ಪರಸ್ಪರ ಶಂಕಿಸಿ ಮನೆಯ ನೆಮ್ಮದಿ ಕೆಡಿಸಿಕೊಳ್ಳಬಾರದು. ಇಬ್ಬರೂ ಒಟ್ಟಿಗೆ ವೈದ್ಯರ ಬಳಿ ಹೋಗುವುದು ಒಳ್ಳೆಯದು. ಹಯಾ ಈಮಾನಿನ ಭಾಗವೇ ಹೌದು. ಆದರೆ ಉಮ್ಮು ಸುಲೈಮ್(ರ) ಗುಸ್ಲ್ ಕುರಿತ ಸೂಕ್ಷ್ಮ ಪ್ರಶ್ನೆಯನ್ನು ಪ್ರವಾದಿ(ಸ)ರ ಬಳಿ ಕೇಳಲು ಹಿಂಜರಿಯಲಿಲ್ಲ. ಚಿಕಿತ್ಸೆಯ ಅಗತ್ಯಕ್ಕೆ ವೈದ್ಯರಿಗೆ ಔರತ್ ತೋರಿಸಲು ಅನುಮತಿಯಿದೆ. ಮಹಿಳೆಯರು ಮಹಿಳಾ ವೈದ್ಯರನ್ನು ಕೇಳಬಹುದು. ಮನೆಯ ಹಿರಿಯರು ಈ ವಿಷಯವನ್ನು ಹದಿಹರೆಯದ ಮಕ್ಕಳಿಗೂ ತಿಳಿಸಿ. ಅವರು ಮರೆಯಲ್ಲಿ ಟ್ಯೂಬ್ ಹಚ್ಚಿಕೊಳ್ಳುವಂತಾಗದಿರಲಿ.